ಗಲಾಟೆಯಾಗಿರುವ ಊರಿಗೆ ಹೋಗೋದಾ, ಬಿಡೋದಾ?

ಹೈದರಾಬಾದ್‌ನಲ್ಲಿ ಗಲಾಟೆ, ಸೊಲ್ಲಾಪುರದ ಕಡೆ ರಸ್ತಾ ರೋಕೋ, ಬೆಂಗಳೂರಲ್ಲಿ ನಿಷೇಧಾಜ್ಞೆ ಅಂತ ಟಿವಿಯಲ್ಲಿ ಬಂದ ಕೂಡಲೇ ಕಲಬುರಗಿ, ಬೀದರ್, ಯಾದಗಿರಿಯ ಮನೆಗಳಲ್ಲಿ ಒಂದೇ ಚರ್ಚೆ: ನಾಳೆ ಹೋಗೋದಾ, ಬಿಡೋದಾ? ನಮ್ಮ ಭಾಗದವರಿಗೆ ಇದು ಸಣ್ಣ ಪ್ರಶ್ನೆಯಲ್ಲ. ದೊಡ್ಡ ದವಾಖಾನೆ ಒಂದು ರಾಜ್ಯದಲ್ಲಿ, ಮಕ್ಕಳ ನೌಕರಿ ಇನ್ನೊಂದು ಕಡೆ, ಬೀಗರು ಗಡಿಯಾಚೆ. ಆದರೆ ಉತ್ತರ ಹುಡುಕುವುದು ಮಾತ್ರ ವಾಟ್ಸಾಪ್ ವಿಡಿಯೊದಲ್ಲಿ. ಅದು ಯಾವ ವರ್ಷದ್ದೋ, ಯಾವ ಊರಿನದ್ದೋ ಯಾರಿಗೆ ಗೊತ್ತು?

ಗಲಾಟೆ ಯಾತಕ್ಕೆ ಅನ್ನುವುದನ್ನು ಮೊದಲು ತಿಳಿದುಕೊಳ್ಳಿ. ಗಡಿ ಅಥವಾ ನೀರಿನ ಜಗಳವಾದರೆ ಕಲ್ಲು ಬೀಳುವುದು ನಂಬರ್ ಪ್ಲೇಟ್ ನೋಡಿ. 2016ರ ಸೆಪ್ಟೆಂಬರ್ 12ರಂದು ಕಾವೇರಿ ವಿಷಯಕ್ಕೆ ಬೆಂಗಳೂರಲ್ಲಿ ತಮಿಳುನಾಡು ನೋಂದಣಿಯ ಗಾಡಿಗಳಿಗೆ ಬೆಂಕಿ ಬಿತ್ತು. ಮಹಾರಾಷ್ಟ್ರದ ಕಡೆ ಗಡಿ ವಿವಾದ ಜೋರಾದಾಗ ಕೆಎ 32 (ಕಲಬುರಗಿ), ಕೆಎ 38 (ಬೀದರ್) ಬರೆದ ಗಾಡಿಗಳೂ ಗುರಿಯಾಗಬಹುದು. ಮೀಸಲಾತಿ ಹೋರಾಟವಾದರೆ ಊರಿಗಿಂತ ಹೆದ್ದಾರಿಯೇ ಅಪಾಯ. 2023ರ ಅಕ್ಟೋಬರ್ ಕೊನೆಗೆ ಮರಾಠಾ ಮೀಸಲಾತಿ ಹೋರಾಟದಲ್ಲಿ ಮಹಾರಾಷ್ಟ್ರದ ಉಮರ್ಗಾ ತಾಲೂಕಿನಲ್ಲಿ ನಮ್ಮ ಕಡೆಯ ಬಸ್ಸಿಗೆ ಬೆಂಕಿ ಹಚ್ಚಿದ್ದು ಪ್ರಯಾಣಿಕರನ್ನು ಕೆಳಗಿಳಿಸಿಯೇ. ಅವರ ಮೇಲೆ ಯಾರಿಗೂ ದ್ವೇಷವಿರಲಿಲ್ಲ, ಆದರೂ ನಡುದಾರಿಯಲ್ಲಿ ನಿಲ್ಲಬೇಕಾಯಿತು. ಕೋಮು ಗಲಭೆಯ ಲೆಕ್ಕವೇ ಬೇರೆ, ಅದು ಓಣಿಯ ಲೆಕ್ಕ. 2020ರ ಆಗಸ್ಟ್‌ನಲ್ಲಿ ಬೆಂಗಳೂರಿನ ಡಿ.ಜೆ. ಹಳ್ಳಿ ಘಟನೆಯಾದಾಗ ಕರ್ಫ್ಯೂ ಇದ್ದದ್ದು ಎರಡು ಠಾಣೆಗಳ ವ್ಯಾಪ್ತಿಯಲ್ಲಿ, ಉಳಿದ ಊರಿಗೆ ನಿಷೇಧಾಜ್ಞೆ ಮಾತ್ರ.

ಕರ್ಫ್ಯೂ, ನಿಷೇಧಾಜ್ಞೆ ಎರಡನ್ನೂ ಒಂದೇ ಅಂತ ತಿಳಿದವರು ಬಹಳ. ನಿಷೇಧಾಜ್ಞೆ ಅಂದರೆ ಮೊದಲಿನ 144 ಸೆಕ್ಷನ್, 2024ರ ಜುಲೈ 1ರಿಂದ ನಾಗರಿಕ ಸುರಕ್ಷಾ ಸಂಹಿತೆಯ 163. ಸಾಮಾನ್ಯವಾಗಿ ಗುಂಪು ಸೇರಬಾರದು, ಮೆರವಣಿಗೆ ಮಾಡಬಾರದು ಅಷ್ಟೆ. ಒಬ್ಬ ರೋಗಿ, ಜೊತೆಗೆ ಒಬ್ಬರು ಹೋದರೆ ತೊಂದರೆಯಿಲ್ಲ. ಅದೇ ಹನ್ನೆರಡು ಜನ ಕೂತ ಮದುವೆ ಕ್ರೂಸರ್ ಆದರೆ ನಾಕಾದಲ್ಲಿ ನಿಲ್ಲಿಸಬಹುದು. ಕರ್ಫ್ಯೂ ಅಂದರೆ ಮನೆ ಬಿಟ್ಟು ಹೊರಬರುವಂತಿಲ್ಲ, ಯಾರಿಗೆ ವಿನಾಯಿತಿ ಅನ್ನುವುದು ಆದೇಶದಲ್ಲೇ ಇರುತ್ತದೆ. ಆ ಊರಿನ ಪೊಲೀಸ್ ಕಮಿಷನರ್ ಅಥವಾ ಜಿಲ್ಲಾಧಿಕಾರಿಯ ಅಧಿಕೃತ ಖಾತೆಯಲ್ಲಿ ಆದೇಶದ ಪ್ರತಿ ಹುಡುಕಿ ಠಾಣೆಗಳ ಹೆಸರು, ದಿನಾಂಕ, ವೇಳೆ ಓದಿ. ಆಮೇಲೆ ನೀವು ಹೋಗುವ ಓಣಿಯಲ್ಲೇ ಇರುವವರಿಗೆ ಫೋನ್ ಮಾಡಿ. ಲಾಡ್ಜ್‌ನವರು, ಮೆಡಿಕಲ್ ಅಂಗಡಿಯವರು ಯಾರಾದರೂ ಸರಿ. ಹೈದರಾಬಾದ್‌ನ ಒಂದು ತುದಿಯ ಮಿಯಾಪುರದಲ್ಲಿರುವ ಸಂಬಂಧಿಗೆ ಹಳೇ ಊರಿನ ಕಡೆಯ ಅಫ್ಜಲ್‌ಗಂಜ್‌ನ ಪರಿಸ್ಥಿತಿ ಟಿವಿ ನೋಡಿಯೇ ಗೊತ್ತಾಗಬೇಕು.

ದವಾಖಾನೆ ಕೆಲಸದ ಬಗ್ಗೆ ಸ್ವಲ್ಪ ಜಾಸ್ತಿ ಬರೆಯುತ್ತೇನೆ, ಏಕೆಂದರೆ ಜೀವ ಹೋಗುವುದು ಇಲ್ಲೇ. ಬರೀ ಫಾಲೋಅಪ್ ಇದ್ದರೆ ಮುಂದೂಡಿ. ಓಪಿಡಿ ತೆರೆದಿದ್ದರೂ ಆ ದಿನ ನಿಮ್ಮ ಡಾಕ್ಟರು ಬರುತ್ತಾರೆಂಬ ಖಾತ್ರಿಯಿಲ್ಲ, ಮೊದಲು ಅದನ್ನೇ ಕೇಳಿ. ಕೀಮೋ ಇದ್ದರೆ ಎಷ್ಟು ದಿನ ತಡವಾದರೆ ನಡೆಯುತ್ತದೆ ಅನ್ನುವುದನ್ನು ಕ್ಯಾನ್ಸರ್ ಡಾಕ್ಟರೇ ಹೇಳಬೇಕು. ಮನೆಯವರು ತೀರ್ಮಾನ ಮಾಡುವ ವಿಷಯ ಅದಲ್ಲ. ಡಯಾಲಿಸಿಸ್ ಮಾತ್ರ ತಪ್ಪಿಸುವಂತೆಯೇ ಇಲ್ಲ. ಒಂದು ಸರದಿ ತಪ್ಪಿದರೂ ರಕ್ತದಲ್ಲಿ ಪೊಟ್ಯಾಸಿಯಂ ಏರಿ ಹೃದಯದ ಬಡಿತ ಕೆಡಬಹುದು, ನೀರು ತುಂಬಿ ಉಸಿರು ಕಟ್ಟಬಹುದು. ಹೈದರಾಬಾದ್‌ನಲ್ಲಿ ಮಾಡಿಸುತ್ತಿರುವವರು ಗಲಾಟೆ ಸುದ್ದಿ ಬಂದ ದಿನವೇ ಇಲ್ಲಿನ ಜಿಲ್ಲಾ ಆಸ್ಪತ್ರೆಯಲ್ಲಿ ಒಂದು ಸರದಿ ಸಿಗುತ್ತದೆಯೇ ಕೇಳಬೇಕು. ಕೇಳಲು ಹೋದಾಗ ಕೈಯಲ್ಲಿ ಇತ್ತೀಚಿನ ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ ರಿಪೋರ್ಟ್, ಹಿಂದಿನ ಡಯಾಲಿಸಿಸ್ ಚೀಟಿ, ಒಣ ತೂಕದ (ಹೆಚ್ಚಿನ ನೀರು ತೆಗೆದ ಮೇಲಿನ ತೂಕ) ವಿವರ ಇರಬೇಕು. ರಿಪೋರ್ಟ್ ಇಲ್ಲದೆ ಹೊಸ ರೋಗಿಯನ್ನು ಮಷೀನಿಗೆ ಹಾಕುವುದಿಲ್ಲ, ಯಾಕೆಂದರೆ ಸೋಂಕಿದ್ದವರಿಗೆ ಮಷೀನ್ ಬೇರೆ ಇಡಬೇಕು. ಎಷ್ಟೋ ಮಂದಿಯ ಫೈಲು ಹೈದರಾಬಾದ್‌ನಲ್ಲೇ ಉಳಿದಿರುತ್ತದೆ. ಈಗಲೇ ಫೋಟೊ ತೆಗೆದಿಟ್ಟುಕೊಳ್ಳಿ. ಎದೆನೋವಿಗಂತೂ ಗಡಿ ದಾಟುವ ಯೋಚನೆಯೇ ಬೇಡ, ಕಲಬುರಗಿಯಲ್ಲೇ ಜಯದೇವ ಹೃದ್ರೋಗ ಆಸ್ಪತ್ರೆ ಇದೆ.

ಹೋಗಲೇಬೇಕಾದರೆ ಬಂದ್‌ಗೆ ಹಿಂದಿನ ದಿನವೇ ಹೋಗಿ ದವಾಖಾನೆಗೆ ನಡೆದು ಹೋಗುವಷ್ಟು ದೂರದಲ್ಲಿ ಉಳಿಯಿರಿ. ಹೈದರಾಬಾದ್‌ನ ಹಳೇ ಊರಿನ ಕಡೆ ಗಲಾಟೆಯಿದ್ದರೆ ಮಹಾತ್ಮ ಗಾಂಧಿ ಬಸ್ ನಿಲ್ದಾಣದವರೆಗೆ ಹೋಗಬೇಡಿ, ಅದಿರುವುದೇ ಆ ಮಗ್ಗುಲಿಗೆ. ವಾಡಿ, ಸೇಡಂ, ತಾಂಡೂರು ದಾರಿಯ ರೈಲು ಲಿಂಗಂಪಲ್ಲಿಯಲ್ಲಿ ನಿಲ್ಲುತ್ತದೆಯೇ ಅಂತ ಟಿಕೆಟ್ ಮಾಡುವಾಗಲೇ ನೋಡಿ ಅಲ್ಲೇ ಇಳಿಯಿರಿ. ಜಹೀರಾಬಾದ್ ಕಡೆಯಿಂದ ಬಸ್ಸಿನಲ್ಲಿ ಹೋದವರು ಮಿಯಾಪುರದಲ್ಲಿ ಇಳಿದು ಮೆಟ್ರೊ ಹಿಡಿದರೆ ನಿಮ್ಸ್ ದವಾಖಾನೆಗೆ ಪಂಜಾಗುಟ್ಟ ನಿಲ್ದಾಣ ಹತ್ತಿರ. ಆದರೆ ಮೆಟ್ರೊ ಒಂದನ್ನೇ ನಂಬಿಕೊಳ್ಳಬೇಡಿ. 2022ರ ಜೂನ್ 17ರಂದು ಸೇನಾ ನೇಮಕಾತಿಯ ಅಗ್ನಿಪಥ ಯೋಜನೆ ವಿರೋಧಿ ಗಲಾಟೆಯಲ್ಲಿ ಸಿಕಂದರಾಬಾದ್ ನಿಲ್ದಾಣದಲ್ಲಿ ರೈಲು ಬೋಗಿಗಳು ಸುಟ್ಟಾಗ ಮೆಟ್ರೊ ಕೂಡ ನಿಂತಿತ್ತು.

ಬಸ್ಸಿನಲ್ಲಿ ಕಿಟಕಿ ಪಕ್ಕ ಮತ್ತು ಮುಂದಿನ ಸಾಲು ಬಿಟ್ಟು ನಡುವಿನ ದಾರಿಯ ಕಡೆ ಕೂತುಕೊಳ್ಳಿ. ಕಲ್ಲಿಗಿಂತ ಗಾಜಿನ ಚೂರು ಹೆಚ್ಚು ಗಾಯ ಮಾಡುತ್ತದೆ, ಮೊದಲು ಕಣ್ಣಿಗೇ. ಪರದೆ ಇದ್ದರೆ ಎಳೆದಿಡಿ, ಅದು ಚೂರನ್ನು ತಡೆಯುತ್ತದೆ. ಸ್ಲೀಪರ್ ಬೋಗಿಯಲ್ಲಿ ಗಾಜಿನ ಬದಲು ಕಬ್ಬಿಣದ ಶಟರ್ ಇಳಿಸಿ. ಹೊರಗೆ ಕೂಗು ಕೇಳಿದಾಗ ಮೊಬೈಲ್ ಹಿಡಿದು ವಿಡಿಯೊ ಮಾಡಲು ಕಿಟಕಿಗೆ ಬರುವವರನ್ನು ಕೈಹಿಡಿದು ಕೂರಿಸಿ.

ಇಂಟರ್ನೆಟ್ ಬಂದ್ ಮಾಡಿದರೆ ಫೋನ್‌ಪೇ, ಗೂಗಲ್‌ಪೇ ಯಾವುದೂ ನಡೆಯುವುದಿಲ್ಲ. ಮಾತು, ಎಸ್ಸೆಮ್ಮೆಸ್ ಸಾಮಾನ್ಯವಾಗಿ ನಡೆಯುತ್ತವೆ. ನೂರು, ಇನ್ನೂರರ ನೋಟಿನಲ್ಲಿ ಮೂರು ದಿನದ ಊಟ, ವಸತಿ, ಆಟೊಗೆ ಆಗುವಷ್ಟು ರೊಕ್ಕ ಇಟ್ಟುಕೊಳ್ಳಿ. ಬ್ಯಾಂಕಿಗೆ ಕೊಟ್ಟ ನಂಬರಿನಿಂದ *99# ಒತ್ತಿದರೆ ಇಂಟರ್ನೆಟ್ ಇಲ್ಲದೆಯೂ 5,000 ರೂಪಾಯಿವರೆಗೆ ಕಳಿಸಬಹುದು, ಆದರೆ ಯುಪಿಐ ಪಿನ್ ಮೊದಲೇ ಇರಬೇಕು. ಮನೆಯಲ್ಲೇ ಒಮ್ಮೆ ಹತ್ತು ರೂಪಾಯಿ ಕಳಿಸಿ ನೋಡಿ. ಟಿಕೆಟ್, ಓಪಿಡಿ ಚೀಟಿ, ಹಾಲ್‌ಟಿಕೆಟ್ ಕಾಗದದ ಮೇಲೆ ಇರಲಿ, ಪೊಲೀಸರಿಗೆ ತೋರಿಸಲು ಅದೇ ಬೇಕಾಗುವುದು. ಮಾತ್ರೆ ಐದು ದಿನಕ್ಕೆ ಹೆಚ್ಚಿಗೆ ಇಟ್ಟುಕೊಳ್ಳಿ.

ಭಯಪಟ್ಟು ಹಿಂದಿನ ದಿನವೇ ರೈಲು ಟಿಕೆಟ್ ಕ್ಯಾನ್ಸಲ್ ಮಾಡಿದರೆ ಹಣ ಕಡಿತವಾಗುತ್ತದೆ. ರೈಲ್ವೆಯವರೇ ರೈಲು ರದ್ದು ಮಾಡಿದರೆ ಆನ್‌ಲೈನ್ ಟಿಕೆಟ್ಟಿನ ಪೂರ್ತಿ ಹಣ ತಾನಾಗಿಯೇ ವಾಪಸ್ ಬರುತ್ತದೆ. ರೈಲು ಮೂರು ಗಂಟೆಗಿಂತ ಹೆಚ್ಚು ತಡವಾಗಿ ನೀವು ಹೋಗದಿದ್ದರೂ ಪೂರ್ತಿ ಹಣ ಸಿಗುತ್ತದೆ, ಆದರೆ ರೈಲು ಹೊರಡುವ ಮುಂಚೆ ಟಿಡಿಆರ್ (ಹಣ ವಾಪಸ್ ಕೇಳುವ ಅರ್ಜಿ) ಹಾಕಿರಬೇಕು. ರೈಲ್ವೆ ಸಹಾಯವಾಣಿ 139ಕ್ಕೆ ಕೇಳಿ ತೀರ್ಮಾನಿಸಿ.

ಶಾಂತವಾಯಿತು ಅಂದ ತಕ್ಷಣ ಹೊರಡುವುದು ಬೇಡ. ಗಲಭೆಯಲ್ಲಿ ಯಾರಾದರೂ ತೀರಿಕೊಂಡಿದ್ದರೆ ಅಂತ್ಯಕ್ರಿಯೆಯ ದಿನ, ಕೋರ್ಟಿನ ತೀರ್ಪಿದ್ದರೆ ಆ ದಿನ ಮತ್ತೆ ಹೊತ್ತಿಕೊಳ್ಳಬಹುದು.

ಸ್ವಂತ ಗಾಡಿ ಅಥವಾ ಬಾಡಿಗೆ ಕ್ರೂಸರ್ ಆದರೆ ಹುಮನಾಬಾದ್‌ನಲ್ಲಿ ನಿಲ್ಲಿಸಿ ಇನ್ನೊಮ್ಮೆ ವಿಚಾರಿಸಿ. ಸೊಲ್ಲಾಪುರ, ಹೈದರಾಬಾದ್ ದಾರಿಗಳು ಕೂಡುವುದು ಅಲ್ಲಿ, ತಿರುಗಿ ಬರಲು ಸುಲಭ. ಎದುರಿನಿಂದ ಬರುವ ಲಾರಿ ಡ್ರೈವರುಗಳನ್ನು ಕೇಳಿ. ಲಾರಿಗಳೇ ಬರುತ್ತಿಲ್ಲವೆಂದರೆ ಮುಂದೆ ದಾರಿ ಕಟ್ಟಿದ್ದಾರೆ ಅಂತಲೇ ಲೆಕ್ಕ. ಡ್ರೈವರ್ ಬರೋದಿಲ್ಲ ಅಂದರೆ ಹೆಚ್ಚಿಗೆ ಬಾಡಿಗೆಯ ಆಸೆ ತೋರಿಸಿ ಒತ್ತಾಯ ಮಾಡಬೇಡಿ. ಥರ್ಡ್ ಪಾರ್ಟಿ ವಿಮೆ ಮಾತ್ರ ಇದ್ದರೆ ಗಲಭೆಯಲ್ಲಿ ಸುಟ್ಟ ಗಾಡಿಗೆ ಅವನಿಗೆ ಒಂದು ಪೈಸೆಯೂ ಬರುವುದಿಲ್ಲ, ಸಾಲದ ಕಂತು ಮಾತ್ರ ಅವನೇ ಕಟ್ಟಬೇಕು.