ಆ ಶಿಳ್ಳೆ ಹೊಡೆದವರು ಯಾರು?

ಸ್ಟೇಡಿಯಂನಲ್ಲಿ ರೆಕಾರ್ಡ್ ಆದ ರಾಕ್ ಆಲ್ಬಮ್ ಹಾಕಿದರೆ ಮೊದಲು ಕಿವಿಗೆ ಬೀಳುವುದು ಜನ. ಗಿಟಾರು ಇನ್ನೂ ಬಂದಿರುವುದಿಲ್ಲ. ಬರೀ ಗದ್ದಲ. ಆ ಗದ್ದಲದೊಳಗೆ ಸ್ವಲ್ಪ ಕಿವಿಗೊಟ್ಟರೆ ಒಬ್ಬೊಬ್ಬರೇ ಬೇರೆಯಾಗಿ ಸಿಗುತ್ತಾರೆ. ಬಲಗಡೆ ಯಾರೋ ಗಾಯಕನ ಹೆಸರು ಹಿಡಿದು ಕೂಗುತ್ತಿರುತ್ತಾರೆ. ಎಡಗಡೆ ಒಬ್ಬ ಎರಡು ಬೆರಳು ಬಾಯಿಗಿಟ್ಟು ಶಿಳ್ಳೆ ಹೊಡೆಯುತ್ತಾನೆ. ಅವನು ಮೈಕಿನ ಪಕ್ಕದಲ್ಲೇ ನಿಂತಿರಬೇಕು, ಅಷ್ಟು ಚೂಪು. ಎಷ್ಟು ಸಲ ಕೇಳಿದರೂ ಅದೇ ಜಾಗಕ್ಕೆ ಸರಿಯಾಗಿ ಹಾಜರಾಗುತ್ತಾನೆ. ಆಲ್ಬಮ್ಮಿನ ಕವರಿನ ಹಿಂದೆ ಗಿಟಾರಿಗೆ ತಂತಿ ಕಟ್ಟಿದವರ ಹೆಸರೂ ಇರುತ್ತದೆ, ಲಾರಿ ಓಡಿಸಿದವರ ಹೆಸರೂ ಇರುತ್ತದೆ. ಈ ಪುಣ್ಯಾತ್ಮನ ಹೆಸರು ಮಾತ್ರ ಇಲ್ಲ. ನನಗಂತೂ ಅವನೂ ವಾದ್ಯವೃಂದದವನೇ. ಅದೇ ಹಾಡನ್ನು ಸ್ಟುಡಿಯೊದಲ್ಲಿ ಹಾಡಿದ್ದು ಕೇಳುವಾಗಲೂ ಆ ಜಾಗ ಬಂತೆಂದರೆ ಕಿವಿ ಶಿಳ್ಳೆಗೆ ಕಾಯುತ್ತದೆ.

ಲೈವ್ ಆಲ್ಬಮ್ ಅಂದರೆ ಮೂಗು ಮುರಿಯುವವರು ಇದ್ದಾರೆ. ಸ್ಟುಡಿಯೊದಲ್ಲಿ ಚೊಕ್ಕವಾಗಿ ಹಾಡಿದ್ದು ಇರುವಾಗ ಈ ಗಲಾಟೆ ಯಾಕೆ ಅಂತ ಅವರ ಪ್ರಶ್ನೆ. ತಪ್ಪೇನಿಲ್ಲ. ಲೈವಿನಲ್ಲಿ ಹಾಡು ಒಂದು ಕೈ ಜಾಸ್ತಿಯೇ ಓಡುತ್ತದೆ. ಗಾಯಕನಿಗೆ ಉಸಿರು ಸಾಲುವುದಿಲ್ಲ. ಮೇಲಿನ ಸ್ವರ ಹತ್ತಲಾಗದ ಜಾಗ ಬಂದಾಗ ಮೈಕನ್ನು ಜನರ ಕಡೆ ತಿರುಗಿಸಿ, ಪ್ರೀತಿಯಿಂದ ಕೊಟ್ಟ ಹಾಗೆ ಕೊಟ್ಟುಬಿಡುತ್ತಾನೆ. ಜನವೂ ಪ್ರೀತಿಯಿಂದಲೇ ಹಾಡಿಬಿಡುತ್ತಾರೆ. ನನಗೆ ಬೇಕಾಗಿರುವುದೇ ಈ ವ್ಯವಹಾರ.

ಇದರಲ್ಲಿ ಒಂದು ತಮಾಷೆ ಇದೆ. ರೆಕಾರ್ಡಿನಲ್ಲಿ ನಾವು ಕೇಳುವ ಕಛೇರಿಯನ್ನು ಅವತ್ತು ಅಲ್ಲಿದ್ದವರು ಯಾರೂ ಕೇಳಿರುವುದಿಲ್ಲ. ಗಾಳಿಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. ಬಹಳ ಜೋರು ಅನ್ನಿಸುತ್ತದೆ, ಅಲ್ವಾ? ಆದರೆ ವೇದಿಕೆಯಿಂದ ನೂರು ಮೀಟರ್ ಆಚೆ ಕೂತವರಿಗೆ ಡ್ರಮ್ಮಿನ ಏಟು ಹೆಚ್ಚುಕಡಿಮೆ 0.3 ಸೆಕೆಂಡು ತಡವಾಗಿ ಮುಟ್ಟುತ್ತದೆ. ನಿಮಿಷಕ್ಕೆ 120 ಏಟಿನ ಹಾಡಾದರೆ ಏಟಿಗೂ ಏಟಿಗೂ ನಡುವೆ ಇರುವುದೇ ಅರ್ಧ ಸೆಕೆಂಡು. ಹಿಂದಿನ ಸಾಲಿನವರು ಅರ್ಧ ಏಟಿಗಿಂತ ಜಾಸ್ತಿ ಹಿಂದೆ ಬಿದ್ದಾಯಿತು. ದೂರದಿಂದ ತೆಗೆದ ವಿಡಿಯೊಗಳಲ್ಲಿ ಇದು ಕಣ್ಣಿಗೇ ಕಾಣುತ್ತದೆ. ಎಲ್ಲರೂ ಒಟ್ಟಿಗೇ ಚಪ್ಪಾಳೆ ತಟ್ಟುತ್ತಿದ್ದೇವೆ ಅಂದುಕೊಂಡಿರುತ್ತಾರೆ. ಕೈಗಳು ಮಾತ್ರ ಮುಂದಿನಿಂದ ಹಿಂದಕ್ಕೆ, ಗದ್ದೆಯಲ್ಲಿ ಗಾಳಿ ಬೀಸಿದ ಹಾಗೆ, ಸಾಲುಸಾಲಾಗಿ ಏಳುತ್ತವೆ.

ಇದಕ್ಕೆ ಮದ್ದೂ ಇದೆ. ಮೈದಾನದ ನಡುವೆ ಗೋಪುರ ನಿಲ್ಲಿಸಿ ಅದಕ್ಕೂ ಸ್ಪೀಕರ್ ಕಟ್ಟುತ್ತಾರೆ. ಅಲ್ಲಿಗೆ ತಂತಿಯಲ್ಲಿ ಹೋಗುವ ಸಿಗ್ನಲ್ಲು ಕ್ಷಣದಲ್ಲಿ ತಲುಪಿಬಿಡುತ್ತದೆ. ಅದನ್ನು ಬೇಕಂತಲೇ ಸ್ವಲ್ಪ ತಡೆದು ಬಿಡುತ್ತಾರೆ, ವೇದಿಕೆಯಿಂದ ಗಾಳಿಯಲ್ಲಿ ಬರುವ ಶಬ್ದ ಬಂದು ಕೂಡಿಕೊಳ್ಳಲಿ ಅಂತ. ಹಾಗೆ ಮಾಡಿದರೂ ಕಾಂಕ್ರೀಟಿಗೆ ಬಡಿದು ವಾಪಸ್ ಬರುವ ಸದ್ದನ್ನು ಏನು ಮಾಡುವುದು? 50 ಸಾವಿರ ಜನ ಕೂತಿದ್ದರೆ 50 ಸಾವಿರ ಬೇರೆ ಬೇರೆ ಕಛೇರಿ ನಡೆದಿರುತ್ತವೆ. ಆಲ್ಬಮ್ಮಿನಲ್ಲಿ ಇರುವ ಕಛೇರಿ ಯಾವ ಸೀಟಿನಿಂದ ಕೇಳಿದ್ದು? ಆ ಸೀಟಿಗೆ ಟಿಕೆಟ್ಟನ್ನೇ ಮಾರಿಲ್ಲ.

ಆಲ್ಬಮ್ಮಿನ ಆ ಕಛೇರಿ ತಯಾರಾಗುವುದು ಹೊರಗೆ ನಿಂತ ಲಾರಿಯಲ್ಲಿ. ವೇದಿಕೆ ಮೇಲಿನ ಒಂದೊಂದು ಮೈಕಿನ ಸಿಗ್ನಲ್ಲನ್ನೂ ಅಲ್ಲೇ ಕವಲು ಒಡೆಸುತ್ತಾರೆ. ಒಂದು ಕವಲು ಜನರ ಸ್ಪೀಕರುಗಳಿಗೆ, ಒಂದು ವಾದ್ಯದವರು ತಮ್ಮನ್ನು ತಾವು ಕೇಳಿಸಿಕೊಳ್ಳಲು ಇಟ್ಟ ಮಾನಿಟರಿಗೆ, ಇನ್ನೊಂದು ಲಾರಿಗೆ. ಲಾರಿಯೊಳಗೆ ಪೂರ್ತಿ ಸ್ಟುಡಿಯೊ ಇರುತ್ತದೆ. ರೋಲಿಂಗ್ ಸ್ಟೋನ್ಸ್ ತಂಡ ಇಂಥದ್ದೊಂದು ಸ್ವಂತ ಲಾರಿ ಮಾಡಿಸಿಕೊಂಡು, ಬೇರೆ ತಂಡಗಳಿಗೆ ಬಾಡಿಗೆಗೂ ಕೊಡುತ್ತಿತ್ತು. ವೇದಿಕೆಯ ಮೈಕುಗಳು ವಾದ್ಯಕ್ಕೆ ಮೂಗು ತಾಗಿಸಿಕೊಂಡೇ ಇರುವುದರಿಂದ ಅವುಗಳಲ್ಲಿ ಜನ ಕೇಳಿಸುವುದೇ ಕಷ್ಟ. ಅವನ್ನಷ್ಟೇ ಬಳಸಿದರೆ 70 ಸಾವಿರ ಜನರ ಮುಂದೆ ನುಡಿಸಿದ್ದೂ ಖಾಲಿ ಕೋಣೆಯಲ್ಲಿ ಪ್ರಾಕ್ಟೀಸ್ ಮಾಡಿದ ಹಾಗೆ ಕೇಳುತ್ತದೆ. ಅದಕ್ಕೇ ಜನರ ಕಡೆ ಮುಖ ಮಾಡಿ ಬೇರೆ ಮೈಕುಗಳನ್ನು ಇಡುತ್ತಾರೆ. ನಮ್ಮ ಶಿಳ್ಳೆಯವನು ಒಳಗೆ ಬರುವುದು ಈ ಬಾಗಿಲಿನಿಂದ.

ಈ ಮೈಕುಗಳದ್ದೂ ಒಂದು ರಗಳೆ. ಜನರ ಜೊತೆಗೆ, ಸ್ಪೀಕರಿನಿಂದ ತಡವಾಗಿ ಬಂದ ಹಾಡೂ ಅವುಗಳಲ್ಲಿ ಸೇರಿಕೊಂಡಿರುತ್ತದೆ. ಜಾಸ್ತಿ ಏರಿಸಿದರೆ ಹಾಡೆಲ್ಲ ರಾಡಿ. ಹಾಗಾಗಿ ಮಿಕ್ಸಿಂಗ್ ಮಾಡುವವರು ಹಾಡು ಮುಗಿಯುತ್ತಿದ್ದ ಹಾಗೆ ಜನರ ಫೇಡರನ್ನು, ಅಂದರೆ ಅವರ ಸದ್ದು ಏರಿಸಿ ಇಳಿಸುವ ಜಾರುಗುಂಡಿಯನ್ನು, ಮೇಲೆ ತಳ್ಳುತ್ತಾರೆ, ಮುಂದಿನ ಹಾಡು ಹಿಡಿಯುತ್ತಿದ್ದ ಹಾಗೆ ಕೆಳಗೆ ಎಳೆಯುತ್ತಾರೆ. ಲೈವ್ ಆಲ್ಬಮ್ಮಿನಲ್ಲಿ ಜನ ಎಷ್ಟು ಶಿಸ್ತಿನವರು ನೋಡಿ. ಪಲ್ಲವಿಗೆ ಸರಿಯಾಗಿ ಏಳುತ್ತಾರೆ, ಗಾಯಕ ಬಾಯಿ ತೆರೆದ ಕೂಡಲೇ ಬಾಯಿ ಮುಚ್ಚುತ್ತಾರೆ. ಮೈದಾನದಲ್ಲಿ ಅವರು ಒಂದು ನಿಮಿಷವೂ ಸುಮ್ನೆ ಇದ್ದಿರುವುದಿಲ್ಲ. ಯಾರದೋ ಒಂದು ಬೆರಳು ಅಷ್ಟು ಜನರನ್ನು ಕೂರಿಸಿ ಏಳಿಸುತ್ತಿರುತ್ತದೆ.

ಬೆರಳಿಗೂ ಬಗ್ಗದ ಜನ ಒಮ್ಮೆ ಸೇರಿದ್ದರು. 1965ರ ಆಗಸ್ಟ್ 15, ನ್ಯೂಯಾರ್ಕಿನ ಶೇ ಸ್ಟೇಡಿಯಂ. ಬೀಟಲ್ಸ್ ಕಛೇರಿ. ಸುಮಾರು 55,600 ಜನ. ಅದು ಬೇಸ್‌ಬಾಲ್ ಆಡುತ್ತಿದ್ದ ಜಾಗ. ವಾಕ್ಸ್ ಕಂಪನಿ ಇದಕ್ಕೆಂದೇ 100 ವಾಟಿನ ಆಂಪ್ಲಿಫೈಯರ್ ಕೊಟ್ಟಿತ್ತು. ಆ ಕಾಲಕ್ಕೆ ಅದೇ ದೊಡ್ಡ ಸದ್ದು. ಹಾಡಿದ್ದು ಕೇಳಿಸಬೇಕಾಗಿದ್ದುದು ಸ್ಟೇಡಿಯಂನ ಸ್ಪೀಕರುಗಳಿಂದ, ಅಂದರೆ ಮುಂದಿನ ಆಟಗಾರ ಯಾರು ಎಂದು ಘೋಷಣೆ ಮಾಡಲು ಇಟ್ಟವು. ಜನ ಕಿರುಚಿದ ಕಿರುಚಾಟಕ್ಕೆ ಇದೆಲ್ಲ ಯಾವ ಮೂಲೆಗೆ? ಹಾಡುವವರಿಗೇ ತಾವು ಹಾಡಿದ್ದು ಕೇಳಿಸಲಿಲ್ಲ. ಡ್ರಮ್ಮರ್ ರಿಂಗೊ ಸ್ಟಾರ್ ಮುಂದೆ ನಿಂತ ಮೂವರ ಮೈ ಅಲ್ಲಾಡುವುದನ್ನು ನೋಡಿ ಹಾಡು ಎಲ್ಲಿಗೆ ಬಂತೆಂದು ಲೆಕ್ಕ ಹಾಕುತ್ತಿದ್ದರಂತೆ. ಕೊನೆಯ ಹಾಡಿಗೆ ಬರುವ ಹೊತ್ತಿಗೆ ಜಾನ್ ಲೆನನ್ ಮೊಣಕೈಯಲ್ಲೇ ಕೀಬೋರ್ಡ್ ಉಜ್ಜುತ್ತಿದ್ದರು. ಹೇಗಿದ್ದರೂ ಕೇಳುವವರಿಲ್ಲ, ಬೆರಳು ಯಾಕೆ ನೋಯಿಸಿಕೊಳ್ಳಬೇಕು? ಕಛೇರಿ ಅರ್ಧ ಗಂಟೆಯಲ್ಲಿ ಮುಗಿಯಿತು. ಟಿವಿಗೆ ಚಿತ್ರ ಮಾಡುವಾಗ ಸದ್ದು ಸಾಲದೆ, 1966ರ ಜನವರಿಯಲ್ಲಿ ನಾಲ್ವರೂ ಲಂಡನ್ನಿನ ಸ್ಟುಡಿಯೊದಲ್ಲಿ ಕೂತು ಎಷ್ಟೋ ಭಾಗವನ್ನು ಮತ್ತೆ ಹಾಡಿ ನುಡಿಸಿ ತೇಪೆ ಹಾಕಿದರು. ಕಿರುಚಾಟಕ್ಕೆ ತೇಪೆ ಬೇಕಾಗಿರಲಿಲ್ಲ.

ತೇಪೆ ಹಾಕದ ಲೈವ್ ಆಲ್ಬಮ್ ಸಿಗುವುದೇ ಕಮ್ಮಿ. ಥಿನ್ ಲಿಜ್ಜಿ ತಂಡದ 1978ರ ಲೈವ್ ಆಲ್ಬಮ್ಮಿನ ಜಗಳ ನನಗೆ ಬಹಳ ಇಷ್ಟ. ಅದು ಸ್ಟೇಡಿಯಂನದ್ದಲ್ಲ, ಆದರೂ ಹೇಳದೆ ಬಿಡಲಾರೆ. ಅದರಲ್ಲಿ ಶೇಕಡ 75ರಷ್ಟು ಸ್ಟುಡಿಯೊದಲ್ಲಿ ಮಾಡಿದ್ದು ಎಂದು ನಿರ್ಮಾಪಕ ಟೋನಿ ವಿಸ್ಕಾಂಟಿ ಹೇಳಿದರು. ಅಲ್ಲ, ಶೇಕಡ 75ರಷ್ಟು ಲೈವೇ ಎಂದು ತಂಡದ ಮ್ಯಾನೇಜರ್ ಹೇಳಿದರು. ಎರಡು ಕಡೆಯವರಿಗೂ ಅಂಕಿ ಒಂದೇ! ರೋಲಿಂಗ್ ಸ್ಟೋನ್ಸ್ ತಂಡದ 1966ರ ಲೈವ್ ಆಲ್ಬಮ್ಮಿನಲ್ಲಂತೂ ಎರಡು ಹಾಡು ಅಪ್ಪಟ ಸ್ಟುಡಿಯೊದವು. ಮೇಲೆ ಕಿರುಚಾಟ ಅಂಟಿಸಿದ್ದಾರೆ, ಅಷ್ಟೆ. ಗಿಟಾರಿನ ತಪ್ಪನ್ನು ತಿದ್ದಿದ್ದರೆ ನನಗೇನೂ ಬೇಜಾರಿಲ್ಲ, ಯಾರಿಗೂ ಮರ್ಯಾದೆ ಇರುತ್ತದೆ. ಜನರನ್ನೇ ಎರವಲು ತಂದರೆ ಮಾತ್ರ ಮೋಸ ಹೋದ ಹಾಗೆ ಅನ್ನಿಸುತ್ತದೆ. ಇನ್ಯಾವುದೋ ಊರಿನ ಇನ್ಯಾವುದೋ ಸಂಜೆಯ ಶಿಳ್ಳೆ ತಂದು ಇಲ್ಲಿ ಹಚ್ಚಿದರೆ, ಆ ಶಿಳ್ಳೆಯವನಿಗೂ ಅನ್ಯಾಯ, ನನಗೂ ಅನ್ಯಾಯ.

ಜನರನ್ನೇ ವಾದ್ಯ ಮಾಡಿ ನುಡಿಸಿದವರು ಅಂದರೆ ಕ್ವೀನ್ ತಂಡದ ಫ್ರೆಡ್ಡಿ ಮರ್ಕ್ಯುರಿ. 1986ರ ಜುಲೈ 12, ಲಂಡನ್ನಿನ ವೆಂಬ್ಲಿ ಸ್ಟೇಡಿಯಂ, 70 ಸಾವಿರದ ಆಸುಪಾಸು ಜನ. ಹಳದಿ ಜಾಕೆಟ್ಟು, ಕೈಯಲ್ಲಿ ಅರ್ಧ ಕಂಬದ ಮೈಕು. ಹಾಡಿನ ನಡುವೆ ಎಲ್ಲ ನಿಲ್ಲಿಸಿ 'ಏ...ಓ' ಅನ್ನುತ್ತಾರೆ. ಜನ 'ಏ...ಓ' ಅನ್ನುತ್ತಾರೆ. ಅವರು ಸ್ವಲ್ಪ ತಿರುಚುತ್ತಾರೆ, ಜನವೂ ತಿರುಚುತ್ತಾರೆ. ಮಾತಿಲ್ಲ, ಕಥೆಯಿಲ್ಲ. ಇಲ್ಲಿ ಗಮನಿಸಬೇಕಾದ್ದು ಅವರ ತಾಳ್ಮೆ. ಕೂಗಿದ ಮೇಲೆ ಕಾಯುತ್ತಾರೆ. ದೂರದ ಸಾಲಿಗೆ ಕೂಗು ಹೋಗಿ, ಅಲ್ಲಿಂದ ಉತ್ತರ ವಾಪಸ್ ಬಂದು, ಪೂರ್ತಿ ಆರುವ ತನಕ ಮುಂದಿನದನ್ನು ಎತ್ತುವುದಿಲ್ಲ. ಮೈದಾನದ ಅಳತೆ ಅವರ ಗಂಟಲಿಗೆ ಗೊತ್ತಿತ್ತು.

ಇನ್ನೊಂದು ವಿಚಿತ್ರ. ಅಷ್ಟು ಜನರಲ್ಲಿ ನೆಟ್ಟಗೆ ಹಾಡಲು ಬರುವವರು ಎಷ್ಟಿದ್ದಾರು? ಉಳಿದವರೆಲ್ಲ ನಮ್ಮ ನಿಮ್ಮ ಹಾಗೆ. ಆದರೂ ಒಟ್ಟಿಗೆ ಕೇಳಿದಾಗ ಶ್ರುತಿಯಲ್ಲೇ ಇರುತ್ತಾರೆ. ಸ್ವಲ್ಪ ಮೇಲೆ ತಪ್ಪಿದವರನ್ನು ಸ್ವಲ್ಪ ಕೆಳಗೆ ತಪ್ಪಿದವರು ಸರಿದೂಗಿಸುತ್ತಾರೋ ಏನೋ, ನನ್ನ ಅಂದಾಜು ಅಷ್ಟೆ. ಒಬ್ಬನೇ ಹಾಡಿದರೆ ಅಪಸ್ವರ, 70 ಸಾವಿರ ಜನ ಹಾಡಿದರೆ ಮೇಳ. ನನ್ನಂಥ ಗಂಟಲಿನವನಿಗೆ ಇದಕ್ಕಿಂತ ಒಳ್ಳೆ ಸುದ್ದಿ ಬೇಕೇ?

ಎಲ್ಲಕ್ಕಿಂತ ನನಗೆ ಹಿಡಿಸಿದ್ದು ರಿಯೊ ಡಿ ಜನೈರೊದ ರೆಕಾರ್ಡಿಂಗು. ಕೆನಡಾದ ರಷ್ ಅನ್ನುವ ತಂಡ. ಇದ್ದವರೇ ಮೂರು ಜನ. 2002ರ ನವೆಂಬರ್ 23ರಂದು ಮರಕಾನಾ ಫುಟ್‌ಬಾಲ್ ಸ್ಟೇಡಿಯಂನಲ್ಲಿ ಸುಮಾರು 40 ಸಾವಿರ ಜನರ ಮುಂದೆ ನುಡಿಸಿದರು. ಹಿಂದಿನ ದಿನ ಸಾವೊ ಪಾಲೊದಲ್ಲಿ ಕಛೇರಿ. ಅಲ್ಲಿಂದ ಸಾಮಾನಿನ ಲಾರಿಗಳು ಬಂದು ಸೇರುವುದು ತಡವಾಗಿ ಸೌಂಡ್ ಚೆಕ್ ಮಾಡಲೂ ಹೊತ್ತು ಸಿಗಲಿಲ್ಲ. ರೆಕಾರ್ಡಿಂಗ್ ಇರುವ ದಿನವೇ ಹೀಗಾಗಬೇಕೆ! ಆಲ್ಬಮ್ಮಿನಲ್ಲಿ ಜನರ ಸದ್ದು ವಿಪರೀತ ಅನ್ನುವವರಿದ್ದಾರೆ. ವಿಪರೀತವೇ, ಅದಕ್ಕೇ ಚೆನ್ನ.

ಅದರಲ್ಲಿ 'ವೈ ವೈ ಝಡ್' ಅಂತ ಒಂದು ತುಣುಕಿದೆ. ಅದಕ್ಕೆ ಸಾಹಿತ್ಯವೇ ಇಲ್ಲ, ಬರೀ ವಾದ್ಯ. ಟೊರಾಂಟೊ ವಿಮಾನ ನಿಲ್ದಾಣದ ಗುರುತಿನ ಅಕ್ಷರಗಳು ಅವು. ಆ ಮೂರು ಅಕ್ಷರಗಳನ್ನು ಮೋರ್ಸ್ ಸಂಕೇತದಲ್ಲಿ ಕುಟ್ಟಿದರೆ ಏನು ಬರುತ್ತದೋ ಅದೇ ಶುರುವಿನ ತಾಳ. ಉದ್ದ, ಗಿಡ್ಡ, ಉದ್ದ, ಉದ್ದ. ಮತ್ತೊಮ್ಮೆ ಅದೇ. ಆಮೇಲೆ ಎರಡು ಉದ್ದ, ಎರಡು ಗಿಡ್ಡ. ಇಂಥ ಅಡ್ಡಾದಿಡ್ಡಿ ಲೆಕ್ಕದ, ಒಂದು ಶಬ್ದವೂ ಇಲ್ಲದ ತುಣುಕನ್ನು ಆ ಜನ ಹಾಡಿಬಿಟ್ಟರು! ಗಿಟಾರಿನ ಒಂದೊಂದು ಗೀಟನ್ನೂ 'ಓ ಓ' ಎಂದು ಹಿಡಿದು, ಕುಣಿದು, ಎಲ್ಲೂ ತಾಳ ಬಿಡದೆ. ಫುಟ್‌ಬಾಲ್ ಮೈದಾನದಲ್ಲಿ ಬಲಿತ ಗಂಟಲುಗಳಿಗೆ ಸಾಹಿತ್ಯ ಯಾಕೆ ಬೇಕು? ವರ್ಷಗಟ್ಟಲೆ ಮನೆಯಲ್ಲಿ ಕೂತು ಕಂಠಪಾಠ ಮಾಡಿಕೊಂಡು ಬಂದು ಅವತ್ತು ಒಪ್ಪಿಸಿದರು. ಇಲ್ಲಿ ಲೈವ್ ನುಡಿಸಿದ್ದು ಯಾರು, ಕೇಳಲು ಬಂದವರು ಯಾರು ಅಂತ ನನಗೆ ಗೊಂದಲವಾಗುತ್ತದೆ.

ಹಾಡುಗಳ ನಡುವಿನ ಮಾತಿನ ಬಗ್ಗೆ ಜಾಸ್ತಿ ಹೇಳುವುದಿಲ್ಲ. 'ನಿಮ್ಮಂಥ ಪ್ರೇಕ್ಷಕರು ಜಗತ್ತಿನಲ್ಲೇ ಇಲ್ಲ' ಅನ್ನುತ್ತಾರೆ, ಮಾರನೇ ದಿನ ಬೇರೆ ಊರಿನಲ್ಲೂ ಅದನ್ನೇ ಅನ್ನುತ್ತಾರೆ, ಎರಡೂ ಊರಿನವರು ನಂಬುತ್ತಾರೆ. ಒಂದೇ ಒಂದು ಮಾತು ಮಾತ್ರ ಮರೆಯುವ ಹಾಗಿಲ್ಲ. ಡೀಪ್ ಪರ್ಪಲ್ ತಂಡ 1972ರಲ್ಲಿ ಜಪಾನಿನಲ್ಲಿ ಮಾಡಿದ ರೆಕಾರ್ಡಿಂಗಿನಲ್ಲಿ ವೇದಿಕೆಯಿಂದ ಸೌಂಡಿನವರಿಗೆ ಒಂದು ಬೇಡಿಕೆ ಹೋಗುತ್ತದೆ: ಎಲ್ಲವನ್ನೂ ಎಲ್ಲಕ್ಕಿಂತ ಜೋರಾಗಿ ಇಡಲು ಆಗುತ್ತದೆಯೇ? ಇದಕ್ಕಿಂತ ನ್ಯಾಯವಾದ ಬೇಡಿಕೆ ನಾನು ಕೇಳಿಲ್ಲ.

ನನಗೆ ತಕರಾರು ಇರುವುದು ಕೊನೆಯ ಬಗ್ಗೆ. ಕೊನೆಯ ಹಾಡು ಮುಗಿದು, ಜನ ಇನ್ನೂ ಬೇಕು ಎಂದು ಕೂಗುತ್ತಿರುವಾಗಲೇ ಎಂಜಿನಿಯರ್ ಫೇಡರ್ ಇಳಿಸಿಬಿಡುತ್ತಾನೆ. ಅಲ್ರೀ, ಅಷ್ಟು ಜನ ಆವಿಯಾಗಿ ಹೋದರೇ? ದೀಪ ಹಾಕಿದ ಮೇಲೆ ಜೊತೆಗೆ ಬಂದವರನ್ನು ಹುಡುಕುವುದು, ಗೇಟಿನ ಹತ್ತಿರ ಒಬ್ಬರ ಕಾಲು ಒಬ್ಬರು ತುಳಿಯುವುದು, ಒಡೆದ ಗಂಟಲಿನಲ್ಲಿ ಅದೇ ಹಾಡು ಎಳೆಯುವುದು, ಆ ಹಾಡು ಯಾಕೆ ಹಾಡಲಿಲ್ಲ ಅಂತ ಜಗಳ ಆಡುವುದು, ಗಾಡಿ ನಿಲ್ಲಿಸಿದ ಜಾಗ ಮರೆಯುವುದು, ಇದೆಲ್ಲ ಆ ಮೈಕುಗಳಿಗೆ ಕೇಳಿಸಿಯೇ ಇರುತ್ತದೆ. ಬಿಚ್ಚುವ ತನಕ ಅವು ಅಲ್ಲೇ ಇರುತ್ತವಲ್ಲ. ಡ್ರಮ್ ಸೋಲೊ ಒಂದಕ್ಕೇ ರೆಕಾರ್ಡಿನ ಮುಕ್ಕಾಲು ಮಗ್ಗುಲು ಕೊಟ್ಟ ಕಾಲವೂ ಇತ್ತು. ಅದರ ಬದಲು ಈ ಅರ್ಧ ಗಂಟೆಯನ್ನು ಹಾಕಿದ್ದರೆ ನಾನು ಎರಡು ಪ್ರತಿ ಕೊಳ್ಳುತ್ತಿದ್ದೆ.