ಗೋಡೆಯ ದಪ್ಪ ನೋಡಿ ತೀರ್ಮಾನ ಮಾಡಬೇಡಿ
ಅಡುಗೆಮನೆ ಗೋಡೆ ಒಡೆದು ಹಾಲ್‌ಗೆ ಸೇರಿಸುವ ಬಗ್ಗೆ ಚೆನ್ನಾಗಿ ಬರೆದಿದ್ದೀರಿ. ಆದರೆ 9 ಇಂಚಿನ ಗೋಡೆ ಮಾತ್ರ ಭಾರ ಹೊರುತ್ತದೆ, ತೆಳು ಗೋಡೆ ಒಡೆಯಬಹುದು ಅಂದಿದ್ದೀರಲ್ಲ, ಅದು ಅಪಾಯ ಸರ್. ಬೆಂಗಳೂರಿನ ಎಷ್ಟೋ ಹೊಸ ಅಪಾರ್ಟ್‌ಮೆಂಟ್‌ಗಳು ಮೈವಾನ್ ಅಚ್ಚಿನಲ್ಲಿ (ಅಲ್ಯೂಮಿನಿಯಂ ಅಚ್ಚಿಗೆ ಕಾಂಕ್ರೀಟು ಸುರಿದು ಗೋಡೆ, ಸ್ಲ್ಯಾಬ್ ಒಟ್ಟಿಗೇ ಎರಕ ಹಾಕುವ ವಿಧಾನ) ಕಟ್ಟಿದವು, ಅಲ್ಲಿ 6 ಇಂಚಿನ ಗೋಡೆಯೂ ಕಾಂಕ್ರೀಟು, ಒಳಗೆ ಕಂಬಿ, ಮೇಲಿನ ಮಹಡಿಗಳ ಭಾರ ಅದರ ಮೇಲೇ. ಒಡೆದರೆ ಬಿರುಕು ಬಿಡುವುದು ಮೇಲಿನವರ ಮನೆಯಲ್ಲಿ ಅಲ್ವಾ? ಡ್ರಿಲ್ ಹಾಕಿದಾಗ ಬೂದು ಪುಡಿ ಬಂದು ಬಿಟ್ ಮುಂದಕ್ಕೇ ಹೋಗದಿದ್ದರೆ ಅದು ಕಾಂಕ್ರೀಟು ಗೋಡೆ ಇರಬಹುದು, ಅಲ್ಲೇ ನಿಲ್ಲಿಸಿ. ಮೇಸ್ತ್ರಿ ಮಾತು ಸಾಲದು. ಬಿಲ್ಡರ್ ಹತ್ತಿರ ಸ್ಟ್ರಕ್ಚರಲ್ ಡ್ರಾಯಿಂಗ್ ಇಸ್ಕೊಂಡು ಸ್ಟ್ರಕ್ಚರಲ್ ಎಂಜಿನಿಯರ್‌ಗೆ ತೋರಿಸಿ. ಹಳೇ ಇಟ್ಟಿಗೆ ಕಟ್ಟಡವಾದರೂ ಅವರು ಒಪ್ಪಿದ ಮೇಲೇ ಕೈ ಹಾಕಿ. ಅಲ್ಲಿ ಮೊದಲು ಸ್ಲ್ಯಾಬ್‌ಗೆ ಜಾಕಿ (ತಾತ್ಕಾಲಿಕ ಆಧಾರ) ಕೊಡಬೇಕು, ಆಮೇಲೆ ಸ್ವಲ್ಪ ಸ್ವಲ್ಪವೇ ಗೋಡೆ ಬಿಚ್ಚಿ ಬೀಮ್ ಕೂರಿಸಬೇಕು.