ಬೇಡ ಅಂತ ಕಳಿಸಿದವರು ಮುಂದೆ ಯಾರ ಮನೆಗೆ ಹೋಗುತ್ತಾರೆ?

ಹೋದ ಮಳೆಗಾಲದ ಮಾತು. ತೀರ್ಥಹಳ್ಳಿ ಹತ್ತಿರದ ದೊಡ್ಡಮ್ಮನ ಮನೆಗೆ ಹೋಗಿದ್ದೆ. ಪಾರ್ಶ್ವವಾಯು ಬಡಿದ ಮೇಲೆ ದೊಡ್ಡಮ್ಮನಿಗೆ ಮಾತು ನಿಂತಿದೆ, ಬಲಗೈ ಏಳುವುದಿಲ್ಲ. ಅಣ್ಣ ಇರುವುದು ಬೆಂಗಳೂರಿನಲ್ಲಿ. ದೊಡ್ಡಪ್ಪನಿಗೆ ತೋಟದ ಕೆಲಸ. ಹಾಗಾಗಿ ಶಿವಮೊಗ್ಗದ ಒಂದು ಏಜೆನ್ಸಿಯಿಂದ ಹೋಮ್ ನರ್ಸ್ ಬಂದಿದ್ದರು.

ಮಧ್ಯಾಹ್ನ ಮೂರು ಗಂಟೆ ಇರಬೇಕು. ಚಮಚದಲ್ಲಿ ನೀರು ಕುಡಿಸೋಣ ಅಂತ ಹತ್ತಿರ ಕೂತೆ. ದೊಡ್ಡಮ್ಮ ಎಡಗೈ ಚಾಚಿ ಲೋಟವನ್ನೇ ಹಿಡಿದುಕೊಂಡರು. ನೀರು ಖಾಲಿಯಾದ ಮೇಲೂ ಬಿಡಲಿಲ್ಲ. ತುಟಿ ಒಡೆದು ಸಿಪ್ಪೆ ಎದ್ದಿತ್ತು. ಕಿಟಕಿ ಹತ್ತಿರ ನರ್ಸ್ ಬರೆಯುವ ನೋಟ್‌ಬುಕ್ ಇತ್ತು. ತೆಗೆದು ನೋಡಿದೆ. ದಿನವೂ ‘ನೀರು 6 ಲೋಟ’. ಆ ದಿನ ರಾತ್ರಿ ಎಂಟು ಗಂಟೆಯ ನೀರು, ಮಾತ್ರೆ ಎಲ್ಲವನ್ನೂ ಆಗಲೇ ಬರೆದು ಮುಗಿಸಿದ್ದರು.

ಕಾರಣ ಆಮೇಲೆ ಗೊತ್ತಾಯಿತು. ಪುನರ್ವಸು ಮಳೆ ಹಿಡಿದಿತ್ತು. ಆ ದಿನಗಳಲ್ಲಿ ನಮ್ಮ ಕಡೆ ಒಗೆದ ಬಟ್ಟೆ ಒಣಗುವುದೇ ಇಲ್ಲ, ಬಚ್ಚಲೊಲೆ ಮೇಲೆ ಹಗ್ಗ ಕಟ್ಟಿ ಹಾಕಬೇಕು. ರಾತ್ರಿ ಎರಡು ಮೂರು ಸಲ ಎದ್ದು ಚಾದರ ಬದಲಿಸುವುದು ತಪ್ಪಲಿ ಅಂತ ನೀರನ್ನೇ ಕಡಿಮೆ ಮಾಡಿದ್ದರು. ದೊಡ್ಡಮ್ಮನಿಗೆ ಮೂತ್ರದ ಸೋಂಕಾಗಿ ಆಸ್ಪತ್ರೆಗೆ ಸೇರಿಸಬೇಕಾಯಿತು.

ಇಷ್ಟಾದರೂ ನಾವೇನು ಮಾಡಿದೆವು? ತಿಂಗಳ ಸಂಬಳ ಪೂರ್ತಿ ಕೊಟ್ಟು, ‘ಇನ್ನು ಮನೆಯವರೇ ನೋಡಿಕೊಳ್ಳುತ್ತೇವೆ’ ಅಂತ ಹೇಳಿ ಬಸ್ಸು ಹತ್ತಿಸಿದೆವು. ‘ಬಡವರ ಹೊಟ್ಟೆ ಮೇಲೆ ಹೊಡೆಯೋದು ಬ್ಯಾಡ, ಬಿಡು’ ಅಂದರು ದೊಡ್ಡಪ್ಪ. ಏಜೆನ್ಸಿಗೂ ನಿಜ ಹೇಳಲಿಲ್ಲ.

ಎರಡು ತಿಂಗಳು ಕಳೆದು ಸಾಗರದಿಂದ ಪರಿಚಯದವರ ಫೋನ್. ‘ಅಮ್ಮನ್ನ ನೋಡ್ಕೊಳ್ಳೋಕೆ ಒಬ್ಬರು ಸಿಕ್ಕಿದ್ದಾರೆ, ನಿಮ್ಮ ದೊಡ್ಡಮ್ಮನ ಮನೆಯಲ್ಲಿ ಇದ್ದರಂತೆ. ಹೇಗೆ? ಪೊಲೀಸ್ ವೆರಿಫಿಕೇಶನ್ ಎಲ್ಲ ಇದೆ.’

ಆ ಕಾಗದ ನಮಗೂ ತೋರಿಸಿದ್ದರು. ಲ್ಯಾಮಿನೇಷನ್ ಮಾಡಿಸಿದ್ದು. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಕೇಸಿಲ್ಲ ಅಂತಿತ್ತು, ಕೇಸು ಇರಲೂ ಇಲ್ಲ. ನಮ್ಮಂಥವರು ಯಾರೂ ಬಾಯಿ ಬಿಡದಿದ್ದರೆ ಕೇಸು ಎಲ್ಲಿಂದ ಬರಬೇಕು? 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 92ನೇ ಸೆಕ್ಷನ್ ಪ್ರಕಾರ, ತನ್ನ ಸುಪರ್ದಿಯಲ್ಲಿರುವ ಅಂಗವಿಕಲರಿಗೆ ಬೇಕೆಂದೇ ಅನ್ನ ನೀರು ಕೊಡದಿದ್ದರೆ 6 ತಿಂಗಳಿಂದ 5 ವರ್ಷದವರೆಗೆ ಜೈಲು. ಆದರೆ ಒಂದು ಲೋಟ ನೀರಿನ ವಿಷಯಕ್ಕೆ ಠಾಣೆ ಮೆಟ್ಟಿಲು ಹತ್ತಿದವರನ್ನು ನಾನಂತೂ ಕಂಡಿಲ್ಲ.

ಬ್ರಿಟನ್ನಿನಲ್ಲಿ ಇದಕ್ಕೊಂದು ದಾರಿ ಮಾಡಿದ್ದಾರೆ. 2002ರಲ್ಲಿ ಸೋಹಮ್ ಎಂಬ ಊರಲ್ಲಿ ಶಾಲೆಯೊಂದರ ಕೇರ್‌ಟೇಕರ್ ಇಬ್ಬರು ಹುಡುಗಿಯರನ್ನು ಕೊಂದ. ಅವನ ಮೇಲೆ ಬೇರೆ ಊರಲ್ಲಿ ಮೊದಲೇ ದೂರುಗಳಿದ್ದವು, ಕೆಲಸ ಕೊಟ್ಟವರಿಗೆ ಅವು ತಲುಪಿರಲಿಲ್ಲ. ಅದರ ವಿಚಾರಣೆ ನಡೆದು 2006ರಲ್ಲಿ ಕಾಯ್ದೆ ಬಂತು. ಈಗ ಅಲ್ಲಿ ಮಕ್ಕಳ ಜೊತೆ ಕೆಲಸ ಮಾಡಬಾರದವರದ್ದು ಒಂದು ಪಟ್ಟಿ, ಕೈಲಾಗದ ದೊಡ್ಡವರ ಜೊತೆ ಕೆಲಸ ಮಾಡಬಾರದವರದ್ದು ಇನ್ನೊಂದು. ತೊಂದರೆ ಕೊಟ್ಟರು ಅಂತ ಯಾರನ್ನಾದರೂ ಕೆಲಸದಿಂದ ತೆಗೆದರೆ ಸಂಸ್ಥೆಯವರು ಅದನ್ನು ತಿಳಿಸಲೇಬೇಕು. ಅವರೇ ಬಿಟ್ಟು ಹೋದರೂ ತಿಳಿಸಬೇಕು. ಕೋರ್ಟಿನಲ್ಲಿ ಶಿಕ್ಷೆ ಆಗಿರಲೇಬೇಕು ಅಂತಿಲ್ಲ.

ನಮ್ಮಲ್ಲಿ ಮನೆ ಆರೈಕೆಯ ಏಜೆನ್ಸಿಗಳನ್ನು ನೋಂದಣಿಗೆ ತರುವ ಮಸೂದೆ 2019ರಲ್ಲಿ ಲೋಕಸಭೆಗೆ ಬಂದಿತ್ತು. ಪಾಸಾಗಲಿಲ್ಲ. 2024ರಲ್ಲಿ ಆ ಲೋಕಸಭೆಯ ಅವಧಿಯ ಜೊತೆಗೇ ಅದೂ ಮುಗಿದುಹೋಯಿತು.

ಹಾಗಂತ ಸುಮ್ನೆ ಒಂದು ಪಟ್ಟಿ ಮಾಡಿಬಿಡಿ ಅಂತ ನಾನು ಹೇಳುತ್ತಿಲ್ಲ. ನನಗೆ ಗೊತ್ತಿರುವ ಇನ್ನೊಂದು ಮನೆಯಲ್ಲಿ ಅಜ್ಜಿಯ ಉಂಗುರ ಕಾಣೆಯಾಯಿತು. ಕೆಲಸದವಳ ಫೋಟೋ ವಾಟ್ಸಾಪ್ ಗ್ರೂಪುಗಳಲ್ಲಿ ಓಡಾಡಿತು, ‘ಇವಳನ್ನು ಸೇರಿಸಬೇಡಿ’ ಅಂತ. ವಾರ ಬಿಟ್ಟು ಉಂಗುರ ಹಾಸಿಗೆ ಮತ್ತು ಗೋಡೆಯ ಸಂದಿಯಲ್ಲಿ ಸಿಕ್ಕಿತು. ಆ ಸುದ್ದಿಯನ್ನು ಯಾರೂ ಯಾವ ಗ್ರೂಪಿಗೂ ಹಾಕಲಿಲ್ಲ. ಬ್ರಿಟನ್ನಿನ ಪದ್ಧತಿಯಲ್ಲಿ ಸಾಮಾನ್ಯವಾಗಿ ಪಟ್ಟಿಗೆ ಹೆಸರು ಹಾಕುವ ಮೊದಲು ಆಪಾದನೆ ಏನು ಅಂತ ತಿಳಿಸಿ, ಉತ್ತರ ಕೊಡಲು ಸಮಯ ಕೊಡುತ್ತಾರೆ. ಆಮೇಲೆ ಮೇಲ್ಮನವಿಗೂ ದಾರಿ ಇದೆ. ಎರಡೂ ಕಡೆ ಕೇಳುವವರಿಲ್ಲದ ಪಟ್ಟಿ ನನಗೆ ಬೇಡ.

ನಮ್ಮ ತಪ್ಪೂ ಇದೆ. ಹಗಲು ರಾತ್ರಿ ಒಬ್ಬರೇ, ವಾರದ ರಜೆ ಇಲ್ಲ. ನಿದ್ದೆಗೆಟ್ಟ ಮನುಷ್ಯರು ಸಿಡುಕುತ್ತಾರೆ, ಮರೆಯುತ್ತಾರೆ. ‘ಅಕ್ಕಾ, ಚಾದರ ಒಣಗ್ತಿಲ್ಲ, ನನ್ನ ಕೈಲಿ ಆಗ್ತಿಲ್ಲ’ ಅಂತ ಹೇಳಿದ್ದರೆ ರಾತ್ರಿಗೆ ಇನ್ನೊಬ್ಬರನ್ನು ಇಡುತ್ತಿದ್ದೆವು. ನೀರು ಕಡಿಮೆ ಕೊಟ್ಟದ್ದಕ್ಕಿಂತ ನನಗೆ ಜಾಸ್ತಿ ಹೆದರಿಕೆ ಆಗಿದ್ದು ಆ ನೋಟ್‌ಬುಕ್ ನೋಡಿ. ಮಾತು ಬಾರದವರ ಪರವಾಗಿ ಅದೊಂದೇ ಮಾತಾಡಬೇಕಿತ್ತು, ಅಲ್ವಾ? ಕೇಳಿದಾಗಲೂ ‘ಆರು ಲೋಟ ಕೊಟ್ಟಿದ್ದೇನೆ’ ಅಂತಲೇ ಹೇಳಿದರು. ಕೆಲಸ ಕಲಿಸಬಹುದು. ಕೊಡದ ನೀರನ್ನು ಕೊಟ್ಟೆ ಅಂತ ಬರೆಯುವವರನ್ನು ಮಾತು ಬಾರದವರ ಜೊತೆ ಒಬ್ಬರೇ ಬಿಡುವುದು ಹೇಗೆ?

ಸಾಗರದವರಿಗೆ ಎಲ್ಲವನ್ನೂ ಹೇಳಿದೆ, ನಾವು ರಜೆ ಕೊಡದಿದ್ದದ್ದನ್ನೂ ಸೇರಿಸಿ. ‘ಹಾಗಾದ್ರೆ ಸೇರಿಸ್ಕೊಳ್ಳೋದೋ ಬೇಡ್ವೋ?’ ಅಂತ ಕೇಳಿದರು. ‘ಮನೆಯಲ್ಲಿ ಬೇರೆ ಯಾರೂ ಇರಲ್ಲ ಅಂದ್ರೆ ಬೇಡ’ ಅಂದೆ. ಆಮೇಲೆ ಏಜೆನ್ಸಿಗೆ ಕಾಗದ ಬರೆದೆ. ನೋಟ್‌ಬುಕ್ಕಿನ ಆ ಪುಟದ ಫೋಟೋ ಇಟ್ಟೆ, ಅವರನ್ನೂ ಕರೆದು ಕೇಳಿ, ಅವರು ಏನು ಹೇಳಿದರು ಅಂತ ನನಗೂ ತಿಳಿಸಿ ಅಂತ ಸೇರಿಸಿದೆ. ಉತ್ತರ ಇನ್ನೂ ಬಂದಿಲ್ಲ, ಮೂರು ಸಲ ಫೋನ್ ಮಾಡಿದ್ದೇನೆ.

ನಿಮ್ಮ ಮನೆಯಿಂದಲೂ ಯಾರನ್ನಾದರೂ ಹೀಗೆ ಸುಮ್ನೆ ಕಳಿಸಿದ್ದರೆ, ಏನಾಯಿತು ಅಂತ ಇವತ್ತೇ ಬರೆದಿಡಿ. ಹಿರಿಯರಿಗೆ ತೊಂದರೆ ಆಗುತ್ತಿದೆ ಅನ್ನಿಸಿದರೆ ಸಹಾಯವಾಣಿ 14567 ಇದೆ. ಹಿಂದೆ ಕೆಲಸ ಮಾಡಿದ ಮನೆಯವರಿಗೆ ಫೋನ್ ಮಾಡುವಾಗ ‘ಹೇಗಿದ್ದರು?’ ಅಂತ ಮಾತ್ರ ಕೇಳಬೇಡಿ, ‘ಯಾಕೆ ಬಿಟ್ಟರು?’ ಅಂತಲೂ ಕೇಳಿ.